ಮನುವಿನ ಮೀನು, ನೂಹ್ ನಬಿಯ ಹಡಗು: ಎರಡೂ ಒಂದೇ ಪ್ರಳಯವಾ?

ಬದಿಯಡ್ಕದ ಅಪ್ಪ:
ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿತ್ತು. ಮಗಳಿಗೆ ಮನುವಿನ ಕಥೆ ಹೇಳುತ್ತಿದ್ದೆ. ಬೆಳಿಗ್ಗೆ ಕೈ ತೊಳೆಯುವಾಗ ಬೊಗಸೆಗೆ ಒಂದು ಮರಿಮೀನು ಬರುತ್ತದೆ, ನನ್ನನ್ನು ಸಾಕು, ನಾನು ನಿನ್ನನ್ನು ಉಳಿಸುತ್ತೇನೆ ಎನ್ನುತ್ತದೆ, ಮಡಕೆಯಿಂದ ಗುಂಡಿಗೆ, ಗುಂಡಿಯಿಂದ ಕಡಲಿಗೆ ಹೋಗುತ್ತದೆ, ಕೊನೆಗೆ ಅದರ ಕೊಂಬಿಗೆ ದೋಣಿ ಕಟ್ಟಿ ಮನು ಪಾರಾಗುತ್ತಾನೆ ಅಂತ. ಅವಳು ಅರ್ಧದಲ್ಲೇ "ಅಪ್ಪಾ, ಇದು ನೂಹ್ ನಬಿಯ ಕಥೆ, ನನ್ನ ಬೆಂಚಿನವಳು ಹೇಳಿದ್ದಾಳೆ" ಎಂದಳು. ಬೈಬಲ್ಲಿನಲ್ಲೂ ಇದೆ (ಅಲ್ಲಿ ಅವನ ಹೆಸರು ನೋಹ), ಗ್ರೀಕರಲ್ಲೂ ಇದೆಯಂತೆ. ಹಾಗಾದರೆ ನಿಜವಾಗಿ ಒಮ್ಮೆ ಲೋಕವೆಲ್ಲ ಮುಳುಗಿತ್ತಾ? ಗೊತ್ತಿದ್ದವರು ಹೇಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ಇಲ್ಲಿ ಹಾಕಬೇಡಿ ದಯವಿಟ್ಟು.

ಮಂಜೇಶ್ವರ ಲೋಕಲ್:
ಲೋಕವೆಲ್ಲ ಮುಳುಗಿದ್ದಕ್ಕೆ ಭೂಮಿಯಲ್ಲಿ ಗುರುತು ಇಲ್ಲ. ಆದರೆ ನೋಹನ ಕಥೆಗೆ ಒಂದು ಅಜ್ಜನ ಮನೆ ಇದೆ, ಅದು ಇರಾಕ್. 1872ರಲ್ಲಿ ಜಾರ್ಜ್ ಸ್ಮಿತ್ ಎಂಬವನು ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಮಣ್ಣಿನ ಹಲಗೆ ಓದುತ್ತಿದ್ದ. ಹಡಗು ಬೆಟ್ಟಕ್ಕೆ ತಾಗಿ ನಿಂತಿತು, ಹಕ್ಕಿ ಬಿಟ್ಟರು ಎಂದು ಬಂದಾಗ ಖುಷಿ ತಡೆಯಲಾರದೆ ಅಂಗಿ ಬಿಚ್ಚಲು ಶುರು ಮಾಡಿದನಂತೆ. ಅದು ಇರಾಕ್ ಕಡೆಯ ಹಳೆಯ ಗಿಲ್ಗಮೆಶ್ ಕಾವ್ಯದ 11ನೇ ಹಲಗೆ. ಅಲ್ಲಿ ಪಾರಿವಾಳ, ಸ್ವಾಲೋ ಹಕ್ಕಿ ಎರಡೂ ವಾಪಸ್ ಬರುತ್ತವೆ, ಕಾಗೆ ಬರುವುದಿಲ್ಲ. ನೋಹನೂ ಕಾಗೆ, ಪಾರಿವಾಳ ಬಿಡುತ್ತಾನೆ. ಇಷ್ಟು ಹೊಂದಿಕೆ ಸುಮ್ನೆ ಆಗುವುದಿಲ್ಲ, ಕಥೆ ಒಬ್ಬರಿಂದ ಒಬ್ಬರಿಗೆ ಹೋಗಿದೆ.

ಮನುವಿನದು ಬೇರೆ ಜಾಡು ಎಂದು ನನಗೆ ಅನಿಸುತ್ತದೆ. ಆ ಕಥೆ ಬರುವ ಹಳೆಯ ವೈದಿಕ ಗ್ರಂಥ ಶತಪಥ ಬ್ರಾಹ್ಮಣದಲ್ಲಿ ಹಕ್ಕಿಯೂ ಇಲ್ಲ, ಜೋಡಿ ಜೋಡಿ ಪ್ರಾಣಿಗಳೂ ಇಲ್ಲ. ಆ ಮೀನು ವಿಷ್ಣು ಎಂದೂ ಅಲ್ಲಿ ಹೇಳಿಲ್ಲ, ಅದು ಆಮೇಲೆ ಬಂದದ್ದು. ಇದೂ ಇರಾಕ್ ಕಡೆಯಿಂದಲೇ ಬಂತು ಎನ್ನುವ ಪಂಡಿತರಿದ್ದಾರೆ, ನನಗೆ ಒಪ್ಪಿಗೆ ಇಲ್ಲ.

ಇನ್ನು ಕಾರಣ. ಇರಾಕಿನ ಯೂಫ್ರೆಟಿಸ್, ಟೈಗ್ರಿಸ್ ಎರಡೂ ಹೇಳದೆ ಕೇಳದೆ ಉಕ್ಕುವ ನದಿಗಳು. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1929ರಲ್ಲಿ ಅಲ್ಲಿಯ ಊರ್ ಎಂಬ ಊರಿನಲ್ಲಿ (ಹೆಸರೇ ಹಾಗೆ, ತಮಾಷೆ ಅಲ್ಲ) ಅಗೆದಾಗ ಮೂರು ಮೀಟರಿಗಿಂತ ದಪ್ಪ ಮೆಕ್ಕಲು ಮಣ್ಣಿನ ಪದರ ಸಿಕ್ಕಿತು. ನೋಹನ ನೆರೆ ಸಿಕ್ಕಿತು ಎಂದು ದೊಡ್ಡ ಸುದ್ದಿ. ಆದರೆ ಬೇರೆ ಊರುಗಳ ಪದರಗಳ ಕಾಲ ಬೇರೆ ಬೇರೆ. ಅಂದರೆ ಒಂದು ಪ್ರಳಯ ಅಲ್ಲ, ಹತ್ತಾರು ನೆರೆ. ಈಜಿಪ್ಟ್ ನೋಡಿ, ನೈಲ್ ವರ್ಷ ವರ್ಷ ಹೊತ್ತಿಗೆ ಸರಿಯಾಗಿ ಬಂದು ಗೊಬ್ಬರ ಹಾಕಿ ಹೋಗುತ್ತಿತ್ತು. ಜನರನ್ನೆಲ್ಲ ಕೊಲ್ಲುವ ನೆರೆಯ ಕಥೆ ಅವರ ಹಳೆಯ ಪುರಾಣದಲ್ಲಿ ಇಲ್ಲ.

ಹೊಸೂರು ಹರಿಗೋಲು:
ಹಡಗು ಹಡಗು ಅಂತೀರಲ್ಲ, ಅದು ಹರಿಗೋಲು! 2014ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಪಂಡಿತ ಇರ್ವಿಂಗ್ ಫಿಂಕೆಲ್ ಇರಾಕ್ ಕಡೆಯ ಇನ್ನೊಂದು ಹಲಗೆಯ ವಿಷಯ ಬರೆದರು, ಅದಕ್ಕೆ ಮೂರೂವರೆ ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು. ಅದರಲ್ಲಿ ದೇವರು ದೋಣಿಯನ್ನು ದುಂಡಗೆ ಕಟ್ಟು ಎನ್ನುತ್ತಾನೆ. ಹಗ್ಗ ಸುತ್ತಿ ಸುತ್ತಿ ಬುಟ್ಟಿಯಂತೆ ಹೆಣೆದು, ನೆಲದಿಂದ ಸಿಗುವ ಡಾಂಬರು ಬಳಿಯಬೇಕು. ತಳದ ವಿಸ್ತಾರ ಸುಮಾರು 3,600 ಚದರ ಮೀಟರ್, ಕಾಸರಗೋಡಿನವರ ಲೆಕ್ಕದಲ್ಲಿ 89 ಸೆಂಟ್ಸ್. ನಮ್ಮ ಹೊಗೇನಕಲ್ಲಿನಲ್ಲಿ ಬಿದಿರು ಹೆಣೆದು, ಪ್ಲಾಸ್ಟಿಕ್ ಶೀಟ್ ಹೊದಿಸಿ, ಡಾಂಬರು ಬಳಿದು ಒಣಗಲು ಬೋರಲು ಹಾಕಿರುತ್ತಾರೆ, ತಮಿಳಿನಲ್ಲಿ ಪರಿಸಲ್. ಅದನ್ನು ನೋಡಿದವರಿಗೆ ಈ ಕಥೆಯಲ್ಲಿ ದೋಣಿಯ ಮಟ್ಟಿಗೆ ಕಲ್ಪನೆ ಏನೂ ಕಾಣುವುದಿಲ್ಲ, ಅಳತೆ ಮಾತ್ರ ದೇವರದ್ದು.

ಮಧೂರು ಕಡೆಯವ:
20,000 ವರ್ಷ ಹಿಂದೆ ಹಿಮಯುಗದಲ್ಲಿ ಕಡಲು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗಿನ ಪರ್ಷಿಯನ್ ಕೊಲ್ಲಿ ಆಗ ಒಣನೆಲ. ಹಿಮ ಕರಗಿ ನೀರು ಬಂತು. ಅದರ ನೆನಪೇ ಈ ಕಥೆಗಳು ಎನ್ನುವವರಿದ್ದಾರೆ. ನನಗೆ ಅನುಮಾನ, ಯಾಕೆಂದರೆ ನೆನಪು ಹೇಗೆ ಕೆಡುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಜ್ಜಿ ಬೊಳ್ಳದ (ತುಳುವಿನಲ್ಲಿ ನೆರೆ) ಕಥೆ ಹೇಳುತ್ತಾರೆ. ಹಟ್ಟಿಯ ದನ ಬಿಚ್ಚಿ ಗುಡ್ಡೆಗೆ ಅಟ್ಟಿದ್ದು, ಬೈಹುಲ್ಲಿನ ರಾಶಿ ಹಾಗೇ ತೇಲಿ ಹೋದದ್ದು, ಅದರ ಮೇಲೆ ಬೆಕ್ಕು ಕೂತದ್ದು. ನಾನು ಚಿಕ್ಕವನಿದ್ದಾಗ ಅದು ಹೇಂಟೆ ಆಗಿತ್ತು. ಆಗ ನೀರು ಮೂರನೇ ಮೆಟ್ಟಿಲಿಗೆ ಬಂದಿತ್ತು, ಈಗ ಮನೆಯ ಮಾಡು ಮುಟ್ಟಿದೆ. ಮಜಾ ಏನೆಂದರೆ ಅಜ್ಜಿ ಹುಟ್ಟಿದ್ದೇ ಆಮೇಲೆ, ಅವರಿಗೆ ಅವರ ಅಮ್ಮ ಹೇಳಿದ್ದು. ನೇತ್ರಾವತಿ ಕಡೆಯವರ ಮಾರಿಬೊಳ್ಳ 1923ರದು. ಮಲಯಾಳಿಗಳು ಹೇಳುವ ತೊಂಬತ್ತೊಂಬತ್ತರ ವೆಳ್ಳಪೊಕ್ಕಂ (ನೆರೆ) ಅವರ ಪಂಚಾಂಗದ ಕೊಲ್ಲವರ್ಷ 1099ರದು, ಅಂದರೆ 1924. ಅಜ್ಜಿಯ ಬಾಯಲ್ಲಿ ಎರಡೂ ಸೇರಿ ಒಂದೇ ಆಗಿದೆ. ನೂರು ವರ್ಷಕ್ಕೇ ಹೀಗಾದರೆ ಉಳಿದದ್ದು ನೀವೇ ಲೆಕ್ಕ ಹಾಕಿ.

ಅಂದಹಾಗೆ ನಮ್ಮ ಕರಾವಳಿಯ ದೊಡ್ಡ ಕಥೆ ಉಲ್ಟಾ, ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಕಳಿಸಿದ್ದು. ಅದನ್ನೂ ಯಾರಾದರೂ ಬರೆಯಿರಿ.

ಬದಿಯಡ್ಕದ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಹರಿಗೋಲಿನ ವಿಷಯ ಹೇಳಿದೆ. ಮನುವಿನದೂ ದುಂಡಗಿನ ದೋಣಿ ಆಗಿದ್ದರೆ, ಮೀನು ಎಳೆಯುವಾಗ ಅದು ಗಿರಗಿರ ತಿರುಗುವುದಿಲ್ವಾ, ಅವನಿಗೆ ವಾಂತಿ ಬರಲಿಲ್ವಾ ಅಂತ ಕೇಳುತ್ತಿದ್ದಾಳೆ. ಹೊಸೂರಿನವರೇ, ಇದಕ್ಕೆ ನೀವೇ ಹೇಳಬೇಕು.