ಅಪ್‌ಡೇಟ್: ಉಬುಂಟುದಾಗ ಆಂಡ್ರಾಯ್ಡ್ ಎಮ್ಯುಲೇಟರ್ ಶುರು ಆಯ್ತು

ಶರಣ್ರಿ ಎಲ್ಲಾರಿಗೂ. ಕೆವಿಎಂ (ಲಿನಕ್ಸ್‌ದಾಗ ವರ್ಚುವಲ್ ಮಷಿನ್ ಜೋರಾಗಿ ಓಡಿಸೋ ಸೌಲಭ್ಯ) ಬಳಸ್ಲಿಕ್ಕ ಪರ್ಮಿಷನ್ ಇಲ್ಲ ಅಂತ ಹೇಳಿ ಎಮ್ಯುಲೇಟರ್ (ಕಂಪ್ಯೂಟರ್‌ನಾಗೇ ಆಂಡ್ರಾಯ್ಡ್ ಫೋನ್ ಓಡಿಸೋ ಸಾಫ್ಟ್‌ವೇರ್) ಬಂದ್ ಆಗ್ತದ, ಏನ್ ಮಾಡ್ಲಿ ಅಂತ ಹಿಂದ ಇಲ್ಲಿ ಕೇಳಿದ್ದೆ. ಬೀದರಿನ ಅಣ್ಣಾರು ಹೇಳಿದ್ದೇ ಕೆಲಸಕ್ಕ ಬಂತು: ಬಯೋಸ್‌ನಾಗ (ಕಂಪ್ಯೂಟರ್ ಶುರು ಆಗುವಾಗಿನ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಇರ್ಬೇಕು, ಆಮ್ಯಾಲ ನಮ್ಮ ಯೂಸರ್ ಅನ್ನ ಕೆವಿಎಂ ಗ್ರೂಪಿಗೆ ಸೇರಿಸ್ಬೇಕು.

ಹಂಗ ಸೇರಿಸೋ ಯೂಸರ್‌ಮಾಡ್ ಕಮಾಂಡಿನಾಗ ದೊಡ್ಡ 'ಜಿ' ಜೊತಿಗಿ ಸಣ್ಣ 'ಎ' (usermod -aG) ಮರೀಬ್ಯಾಡ್ರಿ. ಅದು ಬಿಟ್ರ ಸುಡೋ (ಅಡ್ಮಿನ್ ಅಧಿಕಾರದ ಗ್ರೂಪ್) ಸಮೇತ ಉಳಿದ ಗ್ರೂಪಿನಿಂದ ಯೂಸರ್ ಹೊರಗ ಬೀಳ್ತದ! ಹೊಸ ಟರ್ಮಿನಲ್ ತೆಗೆದ್ರ ಸಾಲಂಗಿಲ್ಲ, ಪೂರ್ತಿ ಲಾಗ್‌ಔಟ್ ಆಗಿ ಬರ್ಬೇಕು. ಗ್ರೂಪಿನ ಲೆಕ್ಕ ಲಾಗಿನ್ ಹೊತ್ತಿಗೇ ಆಗೋದು. ಆಮ್ಯಾಲ ಎಮ್ಯುಲೇಟರ್‌ದ ಆಕ್ಸೆಲ್-ಚೆಕ್ ಕಮಾಂಡ್ (emulator -accel-check) ಓಡಿಸಿದ್ರ ಕೆವಿಎಂ ಸರಿ ಅದನೋ ಇಲ್ಲೋ ಗೊತ್ತಾಗ್ತದ.

ಎಮ್ಯುಲೇಟರ್ ಬದಲಿಗೆ ವೇಡ್ರಾಯ್ಡ್ (ಲಿನಕ್ಸ್‌ದಾಗ ಆಂಡ್ರಾಯ್ಡ್ ಓಡಿಸೋ ಇನ್ನೊಂದು ಸಾಫ್ಟ್‌ವೇರ್) ಹಾಕ್ರಿ ಅಂತ ಕೆಲವ್ರು ಅಂದಿದ್ರು. ಅದಕ್ಕ ವೇಲ್ಯಾಂಡ್ (ಪರದೆ ಮ್ಯಾಲ ವಿಂಡೋ ತೋರಿಸೋ ಹೊಸ ವ್ಯವಸ್ಥೆ) ಬೇಕು, ಇಲ್ಲಿ ಇರೋದು ಹಳೇ ವ್ಯವಸ್ಥೆಯ ಎಕ್ಸ್11 ಸೆಷನ್, ಹಂಗಾಗಿ ನಡೀಲಿಲ್ಲ. ಎಆರ್‌ಎಂ (ಫೋನಿನ ಪ್ರೊಸೆಸರ್ ಜಾತಿ) ಇಮೇಜ್, ಅಂದ್ರ ಎಮ್ಯುಲೇಟರ್‌ನಾಗ ಹಾಕೋ ಆಂಡ್ರಾಯ್ಡ್ ಫೈಲ್, ತಗೋರಿ ಅನ್ನೋ ಸಲಹೆನೂ ಇಂಟೆಲ್ ಪ್ರೊಸೆಸರಿಗೆ ಉಪಯೋಗ ಇಲ್ಲ. ಇಂಟೆಲ್‌ಗೆ ಹೊಂದೋ ಎಕ್ಸ್86-64 ಇಮೇಜೇ ತಗೋರಿ.

ಪರದೆ ಕಪ್ಪಾಗಿದ್ದಕ್ಕ ಗ್ರಾಫಿಕ್ಸ್ ಸೆಟ್ಟಿಂಗ್ ಸಾಫ್ಟ್‌ವೇರ್‌ಗೆ ಬದಲಿಸಿದ್ರ ಸರಿ ಹೋಯ್ತು. ಸ್ವಲ್ಪ ನಿಧಾನ, ಆದ್ರ ಆ್ಯಪ್ ಟೆಸ್ಟಿಂಗಿಗೆ ಸಾಕು. 8 ಜಿಬಿ ರ‍್ಯಾಮ್ ಇದ್ರ ಎಮ್ಯುಲೇಟರಿಗೆ 2 ಜಿಬಿ ಮ್ಯಾಲ ಕೊಡಬ್ಯಾಡ್ರಿ.

ಹೊಸದಾಗಿ ತಿಳಿದಿದ್ದು: ಬಂದ್ ಮಾಡುವಾಗ ಎಮ್ಯುಲೇಟರ್ ತನ್ನ ರ‍್ಯಾಮ್ ಸ್ಥಿತಿ ಡಿಸ್ಕಿಗೆ ಬರೀತದ, ಇದಕ್ಕ ಸ್ನ್ಯಾಪ್‌ಶಾಟ್ ಅಂತಾರ. ಕಲಬುರಗಿ ಬ್ಯಾಸಿಗ್ಯಾಗ ಆ ಹೊತ್ತಿಗೇ ಕರೆಂಟ್ ಹೋಗಿ, ಯುಪಿಎಸ್‌ನೂ ಇಲ್ಲಂದ್ರ ಸ್ನ್ಯಾಪ್‌ಶಾಟ್ ಕೆಡಬಹುದು. ಮುಂದ ಶುರು ಆಗದಿದ್ರ ಡಿವೈಸ್ ಅಳಿಸಬ್ಯಾಡ್ರಿ, ಮೊದಲ ಕೋಲ್ಡ್ ಬೂಟ್ (ಸ್ನ್ಯಾಪ್‌ಶಾಟ್ ಬಿಟ್ಟು ಮೊದಲಿಂದ ಶುರು ಮಾಡೋದು) ಮಾಡಿ ನೋಡ್ರಿ.