ಮಿಕುಗಿಂತ ಮೊದಲು ಲೋಲಾ

ಅಣ್ಣ: (ಫಾರ್ವರ್ಡ್) "ಪ್ರಪಂಚದ ಮೊದಲ ಕಂಪ್ಯೂಟರ್ ಗಾಯಕಿ ಜಪಾನಿನ ಹಟ್ಸುನೆ ಮಿಕು. ವರ್ಷ 2007."

ನಾನು: ಅಣ್ಣಾ, ಇದು ತಪ್ಪು. ಮಿಕು ಬಂದಿದ್ದು 2007ರ ಆಗಸ್ಟ್‌ನಲ್ಲಿ. ಬ್ರಿಟನ್ನಿನ ಝೀರೋ-ಜಿ ಕಂಪನಿ 2004ರ ಜನವರಿಯಲ್ಲೇ ಲಿಯಾನ್, ಲೋಲಾ ಅಂತ ಎರಡು ದನಿಗಳನ್ನು ಮಾರಾಟಕ್ಕೆ ತಂದಿತ್ತು.

ಅಣ್ಣ: ಅದೂ ವೊಕಲಾಯ್ಡ್, ಅಂದರೆ ಟೈಪ್ ಮಾಡಿದ ಸಾಹಿತ್ಯವನ್ನು ಹಾಡೋ ಸಾಫ್ಟ್‌ವೇರ್ ತಾನೇ? ವೊಕಲಾಯ್ಡ್ ಯಮಾಹಾದ್ದು. ಅಂದ ಮೇಲೆ ಜಪಾನಿನದೇ ಆಯ್ತಲ್ಲ.

ನಾನು: ತಂತ್ರ ಯಮಾಹಾದ್ದೇ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ್ದು. ಆದರೆ ಗಾಣ ಇದ್ದರೆ ಸಾಕಾ, ಎಳ್ಳು ಬೇಡವಾ? ಝೀರೋ-ಜಿ ವಾದ್ಯಗಳ ತುಣುಕುಗಳನ್ನು ಸಿ.ಡಿ. ಮಾಡಿ ಮಾರುತ್ತಿದ್ದ ಕಂಪನಿ. ವೊಕಲಾಯ್ಡ್‌ಗೆ ಮನುಷ್ಯರ ದನಿಯನ್ನು ಹಾಗೇ ಮಾರಬಹುದು ಅಂತ ಮೊದಲು ಕೈ ಹಾಕಿದ್ದು ಅವರು.

ಅತ್ತೆ: ತುಣುಕು ಅಂಟಿಸಿದರೆ ಹಾಡಾಗುತ್ತೇನೋ? ಮೂವತ್ತು ವರ್ಷ ಪಾಠ ಹೇಳಿದ್ದೀನಿ. 'ಸ'ದಿಂದ 'ರಿ'ಗೆ ಹೋಗೋ ದಾರಿಯಲ್ಲೇ ಸಂಗೀತ ಇರೋದು.

ನಾನು: ಅವರ ಕಷ್ಟವೂ ಅದೇ ಅತ್ತೆ. ಅದಕ್ಕೇ ಒಂದಕ್ಷರದಿಂದ ಇನ್ನೊಂದಕ್ಕೆ ದನಿ ಜಾರುವ ಜಾಗವನ್ನೂ ಗಾಯಕರಿಂದ ಹಾಡಿಸಿ ಇಟ್ಟುಕೊಳ್ಳುತ್ತಾರೆ. ಪರದೆಯ ಎಡಕ್ಕೆ ಪಿಯಾನೊ ಮನೆಗಳು ಇರುತ್ತವೆ. ಪಕ್ಕದಲ್ಲಿ ಒಂದು ಪಟ್ಟಿ ಎಳೆದರೆ ಒಂದು ಸ್ವರ. ಅದರ ಮೇಲೆ ಸಾಹಿತ್ಯ ಟೈಪ್ ಮಾಡಬೇಕು. ಅಷ್ಟಕ್ಕೇ ಬಿಟ್ಟರೆ ಹಾಡು ಸಪ್ಪೆ. ದನಿ ಎಲ್ಲಿ ನಡುಗಬೇಕು, ಎಲ್ಲಿ ಬಾಗಬೇಕು ಅಂತ ಕೂತು ತಿದ್ದಬೇಕು.

ಅಣ್ಣ: ಇಷ್ಟೆಲ್ಲ ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ ಯಾಕೆ?

ನಾನು: ಮಿಕುಗೆ ಉದ್ದ ಜಡೆಯ ಚಿತ್ರ ಇತ್ತು. ದನಿ ಕೊಟ್ಟ ಸಾಕಿ ಫುಜಿತಾ ಹೆಸರೂ ಎಲ್ಲರಿಗೂ ಗೊತ್ತು. ಲಿಯಾನ್, ಲೋಲಾಗೆ ಹಾಡಿದವರ ಹೆಸರನ್ನೇ ಹೇಳಲಿಲ್ಲ. ಅದೇ ವರ್ಷ ಬಂದ ಮೂರನೇ ದನಿಗೆ ಮಾತ್ರ ಗಾಯಕಿ ಮಿರಿಯಮ್ ಸ್ಟಾಕ್ಲಿ ಹೆಸರಿಂದಲೇ 'ಮಿರಿಯಮ್' ಅಂತ ಇಟ್ಟರು. ನನಗೆ ಬೇಜಾರಾಗೋದು ಇದಕ್ಕೇ. ಮೊದಲು ದನಿ ಕೊಟ್ಟವರೇ ಮರೆತುಹೋದರು.

ಅತ್ತೆ: ಹಾಡಿದವಳ ಹೆಸರೇ ಇಲ್ಲವಾ? ಅದು ಸರಿಯಲ್ಲ ಕಣೋ.

ಅಣ್ಣ: ಸರಿ, ತಿದ್ದಿ ಹಾಕ್ತೀನಿ. 'ಪ್ರಪಂಚದ ಮೊದಲ ಗಾಯಕಿ ಲೋಲಾ' ಅನ್ನಲಾ?

ನಾನು: ಹಾಗೂ ಬೇಡ. 1961ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕಂಪ್ಯೂಟರ್ ಹಾಡಿತ್ತು. 'ಮಾರಾಟಕ್ಕೆ ಬಂದ ಮೊದಲ ವೊಕಲಾಯ್ಡ್ ದನಿಗಳು' ಅಂತ ಹಾಕು. ಲಿಯಾನ್ ಹೆಸರನ್ನೂ ಸೇರಿಸು.

ಅತ್ತೆ: ಲೋಲಾ ಹಾಡಿದ್ದು ಯಾವುದಾದರೂ ಇದ್ದರೆ ಕಳಿಸು. ಸಂಜೆ ಪಾಠ ಮುಗಿದ ಮೇಲೆ ಕೇಳ್ತೀನಿ.