ಆರ್ಕೆಸ್ಟ್ರಾ ಗೆಳೆಯನ ನೆನಪಿಗೆ ಏನು ನುಡಿಸೋಣ?

ಪ್ರಶ್ನೆ: ದಾವಣಗೆರೆಯ ನಮ್ಮ ಆರ್ಕೆಸ್ಟ್ರಾದ ಗೆಳೆಯ ಹೋದ ತಿಂಗಳು ತೀರಿಕೊಂಡ. ಢೋಲಕ್, ಮ್ಯಾಂಡೊಲಿನ್, ಕೀಬೋರ್ಡ್, ಯಾವುದು ಕೊಟ್ಟರೂ ಸೈ. ತಂತಿ ಮೀಟುವ ಪ್ಲೆಕ್ಟ್ರಮ್ ಹಲ್ಲಲ್ಲಿ ಕಚ್ಚಿಕೊಂಡೇ ಮ್ಯಾಂಡೊಲಿನ್‌ನ ಎಂಟೂ ತಂತಿ ಶ್ರುತಿ ಮಾಡುತ್ತಿದ್ದ. ಗಣಪತಿ ಪೆಂಡಾಲ್‌ನಲ್ಲಿ ಕರೆಂಟ್ ಹೋದರೆ ಕೀಬೋರ್ಡ್ ಬಿಟ್ಟು ಢೋಲಕ್ ಎಳೆದುಕೊಳ್ಳುತ್ತಿದ್ದ, ಹಾಡು ನಿಲ್ಲುತ್ತಿರಲಿಲ್ಲ. ಅವನ ನೆನಪಿನ ಕಾರ್ಯಕ್ರಮಕ್ಕೆ ಏನು ನುಡಿಸೋಣ? ಬರೀ ಅಳುವ ಹಾಡು ಬೇಡ.

ಉತ್ತರ 1: ಹಿಂದೂಸ್ತಾನಿ ಕಛೇರಿ ಭೈರವಿ ರಾಗದಲ್ಲಿ ಮುಗಿಸುವುದು ವಾಡಿಕೆ. ಭೈರವಿಯಲ್ಲೇ ಒಂದು ತತ್ವಪದ ಇಟ್ಟುಕೊಳ್ಳಿ. ಅವರಿಗೆ ಇಷ್ಟದ ತಾಳ ಯಾವುದು?

ಪ್ರಶ್ನೆ ಕೇಳಿದವರು: ಕಹರ್ವಾ! ಎಂಟು ಮಾತ್ರೆಯಲ್ಲಿ ಊರನ್ನೇ ಕುಣಿಸುತ್ತಿದ್ದ. ನಾವು ಲಯ ಓಡಿಸಿದರೆ ಮಾತ್ರ ಗುರಾಯಿಸುತ್ತಿದ್ದ. ಸಂಭಾವನೆಯಲ್ಲಿ ಜಾಸ್ತಿ ಪಾಲು ಒಮ್ಮೆಯೂ ಕೇಳಲಿಲ್ಲ, ಪುಣ್ಯಾತ್ಮ.

ಉತ್ತರ 2: ಹಾಗಾದರೆ ಕಹರ್ವಾದಲ್ಲೇ ಶುರು ಮಾಡಿ, ಅಲ್ವಾ? ಢೋಲಕ್‌ಗೆ ಯಾರೂ ಸಿಗದಿದ್ದರೆ ಹೇಳಿ. ಹರಿಹರದಲ್ಲೇ ಇದ್ದೇನೆ, ಬರುತ್ತೇನೆ.